ಪದ ಬೇಕು: ‘ಲೆಫ್ಟ್ ಹ್ಯಾಂಡ್ ಡ್ರೈವ್’ ಕಾರಿಗೆ ಕನ್ನಡದಲ್ಲಿ ಏನೆನ್ನಬೇಕು?

> ಹಳೆಯ ಕಾರುಗಳ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. 1960ರ ದಶಕದ ಫೋರ್ಡ್ ಮಸ್ಟಾಂಗ್. ಲೆಫ್ಟ್ ಹ್ಯಾಂಡ್ ಡ್ರೈವ್ ಆಗಿದ್ದುದನ್ನು ರೈಟ್ ಹ್ಯಾಂಡ್ ಡ್ರೈವ್ ಮಾಡಿದ್ದಾರೆ. ‘ಎಡಗೈ ಚಾಲನೆ’, ‘ಬಲಗೈ ಚಾಲನೆ’ ಎಂದರೆ ಸರಿಯೇ? ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

ಸರಿಯಲ್ಲ. ‘ಎಡಚುಕ್ಕಾಣಿ’, ‘ಬಲಚುಕ್ಕಾಣಿ’ ಎಂದು ಬರೆಯಿರಿ. ಅವಸರದಲ್ಲಿದ್ದರೆ ಇಷ್ಟು ಸಾಕು, ಉಳಿದದ್ದನ್ನು ಫಲಕ ಅಚ್ಚಿಗೆ ಹೋದ ಮೇಲೆ ಓದಿ.

‘ಎಡಗೈ ಬೌಲರ್’ ಎಂದಾಗ ಕೈ ನಿಜವಾಗಿಯೂ ಕೈಯೇ. ಕಾರಿನ ವಿಷಯದಲ್ಲಿ ಇಂಗ್ಲಿಷಿನ ‘ಹ್ಯಾಂಡ್’ ಕೈಯಲ್ಲ, ಸ್ಟೀರಿಂಗ್ ಇರುವ ಬದಿ. ಎಡಗೈ ಚಾಲನೆ ಎಂದರೆ ಕನ್ನಡದ ಓದುಗನಿಗೆ ಎಡಗೈಯಿಂದ ಓಡಿಸುವುದು ಎಂದೇ ಕೇಳಿಸುತ್ತದೆ. ಸ್ಟೀರಿಂಗ್ ಬಲಕ್ಕಿರುವ ಕಾರಿನಲ್ಲಿ ಗೇರ್ ಹಾಕುವ ಕೈ ಎಡಗೈ. ಅದನ್ನೇ ‘ಬಲಗೈ ಚಾಲನೆ’ ಎಂದು ಫಲಕದಲ್ಲಿ ಹಾಕಿದರೆ ಕಾರನ್ನು ಬಲ್ಲವರು ಒಪ್ಪುವುದಿಲ್ಲ, ಕನ್ನಡವನ್ನು ಬಲ್ಲವರೂ ಒಪ್ಪುವುದಿಲ್ಲ.

ನಿನ್ನೆ ಒಬ್ಬರು ಸೂಚಿಸಿದ ‘ಎಡಬದಿ ಚಾಲನೆ’ ಇನ್ನೂ ಅಪಾಯದ್ದು. ಅದು ರಸ್ತೆಯ ಎಡಬದಿಯಲ್ಲಿ ಸಾಗುವ ನಿಯಮವನ್ನು ಹೇಳುವ ಮಾತು. ಆ ನಿಯಮವಿರುವಲ್ಲಿ ಸ್ಟೀರಿಂಗ್ ಸಾಮಾನ್ಯವಾಗಿ ಬಲಕ್ಕಿರುತ್ತದೆ, ಅಂದರೆ ಪದ ಹೇಳುವುದಕ್ಕೂ ವಸ್ತುವಿಗೂ ನೇರ ವಿರೋಧ. ಎರಡೂ ಬೇರೆ ಬೇರೆ ಸಂಗತಿಗಳು ಎಂಬುದಕ್ಕೆ ಸ್ವೀಡನ್ ಸಾಕ್ಷಿ. 1967ರ ಸೆಪ್ಟೆಂಬರ್ 3ರಂದು ಬಲಬದಿಗೆ ಬದಲಾಗುವವರೆಗೂ ಅಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಓಡುತ್ತಿದ್ದವು. ಆದರೂ ಬಹುಪಾಲು ಕಾರುಗಳ ಸ್ಟೀರಿಂಗ್ ಕೂಡ ಎಡಕ್ಕೇ ಇತ್ತು. ಈ ಎರಡನ್ನೂ ಒಂದೇ ಪದದಿಂದ ಕರೆದರೆ ಆ ದೇಶದ ಕಥೆಯನ್ನು ಕನ್ನಡದಲ್ಲಿ ಹೇಳಲಿಕ್ಕೇ ಬಾರದು.

‘ಬಲಚಾಲನೆ’ ಬೇಡ. ಕನ್ನಡ, ಸಂಸ್ಕೃತ ಪದಗಳನ್ನು ಬೆರೆಸಿದ ಅರಿಸಮಾಸ ಎಂಬ ಆಕ್ಷೇಪ ನನ್ನದಲ್ಲ, ಅಂಥವು ಎಷ್ಟೋ ರೂಢಿಯಲ್ಲಿವೆ. ಬಲಪ್ರಯೋಗ, ಬಲಪ್ರದರ್ಶನಗಳ ಪಕ್ಕದಲ್ಲಿ ನಿಲ್ಲಿಸಿ ನೋಡಿ: ‘ಬಲಚಾಲನೆ’ ಶಕ್ತಿಯಿಂದ ನಡೆಸುವುದಾಗುತ್ತದೆ. ‘ದಕ್ಷಿಣಚಾಲನೆ’ ಎಂದವರಿಗೆ ಉತ್ತರಿಸುವ ಅಗತ್ಯ ಕಾಣುವುದಿಲ್ಲ.

ಈಗ ಚುಕ್ಕಾಣಿಯ ವಿಷಯ. ಅದು ಅಚ್ಚಗನ್ನಡ, ನಾವಿಕರು ಚುಕ್ಕಿ ಕಂಡು ದಾರಿ ಹಿಡಿಯುತ್ತಿದ್ದುದರಿಂದ ‘ಚುಕ್ಕಿ-ಕಾಣಿ’ ಎಂದು ಹಿರಿಯರೊಬ್ಬರು ಬರೆದಿದ್ದಾರೆ. ಕೇಳಲು ಇಂಪಾಗಿದೆ, ಆದರೆ ನಿಜವಲ್ಲ. ಚುಕ್ಕಾಣಿ ನೋಡುವ ಸಾಧನವಲ್ಲ, ತಿರುಗಿಸುವ ಸಾಧನ. ತಮಿಳಿನಲ್ಲಿ ಸುಕ್ಕಾನ್, ಮರಾಠಿಯಲ್ಲಿ ಸುಕಾಣು, ತೆಲುಗಿನಲ್ಲಿ ಚುಕ್ಕಾನಿ. ಇವೆಲ್ಲದರ ಹಿಂದಿರುವುದು ಹಡಗಿನ ಚುಕ್ಕಾಣಿಗೇ ಅರಬ್ಬಿಯಲ್ಲಿರುವ ‘ಸುಕ್ಕಾನ್’. ಕಡಲ ವ್ಯಾಪಾರದೊಂದಿಗೆ ಬಂದ ಪದ ಅದು. ಚುಕ್ಕಿಗೂ ಅದಕ್ಕೂ ಸಂಬಂಧ ಕಟ್ಟುವುದನ್ನು ದಯವಿಟ್ಟು ನಿಲ್ಲಿಸಬೇಕು.

ಇದನ್ನು ಹೇಳಿದೊಡನೆ ಇನ್ನೊಬ್ಬರು, ಹಾಗಾದರೆ ಅದೂ ಎರವಲು, ‘ತಿರುಗುಗಾಲಿ’ ಎನ್ನೋಣ ಎಂದರು. ಕಾರಿನಲ್ಲಿ ತಿರುಗದ ಗಾಲಿ ಯಾವುದಿದೆ? ‘ಆಡಳಿತದ ಚುಕ್ಕಾಣಿ ಹಿಡಿದರು’ ಎಂಬ ಮಾತನ್ನು ಪತ್ರಿಕೆ ಓದುವ ಪ್ರತಿಯೊಬ್ಬರೂ ಅರ್ಥ ಮಾಡಿಕೊಳ್ಳುತ್ತಾರೆ. ನೂರಾರು ನಾಲಗೆಗಳ ಮೇಲೆ ಹೊರಳಿ, ಮೊದಲಕ್ಷರವನ್ನೇ ಬದಲಿಸಿಕೊಂಡು ನಮ್ಮದಾದ ಪದವನ್ನು ಅದರ ಹುಟ್ಟೂರು ಕೇಳಿ ಹೊರಹಾಕುವುದು ಭಾಷೆಯ ಮೇಲಿನ ಪ್ರೀತಿಯಲ್ಲ. ಸ್ಟೀರಿಂಗ್ ಕೂಡ ಹೀಗೆಯೇ ನಮ್ಮದಾಗಿದೆ. ‘ಎಡ ಸ್ಟೀರಿಂಗ್’ ಎಂದು ಬರೆದರೂ ನಾನು ತಪ್ಪೆನ್ನುವುದಿಲ್ಲ. ಚುಕ್ಕಾಣಿ ಸಮಾಸದಲ್ಲಿ ಚೆನ್ನಾಗಿ ಕೂಡಿಕೊಳ್ಳುತ್ತದೆ ಎಂಬುದಷ್ಟೇ ನನ್ನ ಒಲವಿಗೆ ಕಾರಣ.

ಉಳಿದದ್ದು ಕ್ರಿಯಾಪದ. ಇದನ್ನು ಯಾರೂ ಗಮನಿಸಿಲ್ಲ. ‘ಸ್ಥಳಾಂತರಿಸಿದ’ ಎಂದರೆ ಚಕ್ರವೊಂದನ್ನು ಎತ್ತಿ ಪಕ್ಕದಲ್ಲಿಟ್ಟಂತೆ ಕೇಳುತ್ತದೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ನಂಥ ಕಾರನ್ನು ಕಾರ್ಖಾನೆಯೇ ಎರಡೂ ಬಗೆಯಲ್ಲಿ ತಯಾರಿಸಿತ್ತು, ಇನ್ನೊಂದು ಬದಿಗೆ ಬೇಕಾದ ಭಾಗಗಳ ನಮೂನೆ ಅಲ್ಲಿ ಮೊದಲೇ ಇದೆ. ಮಸ್ಟಾಂಗ್ ಹಾಗಲ್ಲ. 1964ರಲ್ಲಿ ಬಂದ ಆ ಕಾರಿಗೆ ಕಾರ್ಖಾನೆಯ ಬಲಚುಕ್ಕಾಣಿ ಮಾದರಿ ಸಿಕ್ಕಿದ್ದು ಅರ್ಧ ಶತಮಾನದ ನಂತರ, 2015ರಲ್ಲಿ. ಹಳೆಯ ಮಸ್ಟಾಂಗ್ ಎಂದರೆ ಡ್ಯಾಶ್‌ಬೋರ್ಡನ್ನು ಕನ್ನಡಿಯ ಬಿಂಬದಂತೆ ಹೊಸದಾಗಿ ಕಟ್ಟಬೇಕು, ಎಂಜಿನ್ನಿನ ಹಿಂದಿನ ತಗಡಿನ ಗೋಡೆಯಲ್ಲಿ ಸ್ಟೀರಿಂಗ್ ಕಂಬಕ್ಕೂ ಪೆಡಲ್‌ಗಳಿಗೂ ಹೊಸ ರಂಧ್ರ ಕೊರೆದು ಹಳೆಯವನ್ನು ಮುಚ್ಚಬೇಕು, ಸ್ಟೀರಿಂಗ್ ಬಾಕ್ಸ್, ಬ್ರೇಕಿನ ಮಾಸ್ಟರ್ ಸಿಲಿಂಡರ್ ಎರಡೂ ಬಲಕ್ಕೆ ಬರಬೇಕು. ವೈಪರ್ ಚಾಲಕನ ಕಣ್ಣೆದುರಿನ ಗಾಜನ್ನು ಒರೆಸುವಂತೆ ದಿಕ್ಕು ಬದಲಿಸಬೇಕು. ಡ್ಯಾಶ್‌ಬೋರ್ಡಿನ ಹಿಂದೆ ಸರಪಳಿ ಕಟ್ಟಿ ಹಳೆಯ ಸ್ಟೀರಿಂಗ್ ಕಂಬವನ್ನೇ ತಿರುಗಿಸುವ ಅಗ್ಗದ ದಾರಿಯೂ ಒಂದಿದೆ. ಅದನ್ನು ಬೇಕಾದರೆ ಜೋಡಣೆ ಎನ್ನಿ. ನಿಮ್ಮ ಕಾರಿನಲ್ಲಿ ನಡೆದಿರುವುದಕ್ಕೆ ‘ಮಾರ್ಪಡಿಸು’ ಎಂಬುದೇ ತಕ್ಕ ಮಾತು. ‘ರೂಪಾಂತರ’ ಬೇಡ, ಹೊರಗಿನ ರೂಪ ಇದ್ದ ಹಾಗೆಯೇ ಇದೆ.

ಫಲಕಕ್ಕೆ: ‘ಎಡಚುಕ್ಕಾಣಿಯಾಗಿ ತಯಾರಾದ ಈ ಕಾರನ್ನು ಬಲಚುಕ್ಕಾಣಿಗೆ ಮಾರ್ಪಡಿಸಲಾಗಿದೆ.’

ಫಲಕವನ್ನು ಕಾರಿನ ಮುಂದೆ ನಿಲ್ಲಿಸುವುದಾದರೆ ಇನ್ನೊಂದು ಸಾಲು ಸೇರಿಸಿ. ಎದುರು ನಿಂತು ನೋಡುವವನಿಗೆ ಬಲಚುಕ್ಕಾಣಿ ತನ್ನ ಎಡಗಡೆಗೆ ಕಾಣುತ್ತದೆ, ಫಲಕವೇ ತಪ್ಪು ಎಂದುಕೊಂಡಾನು. ‘ಎಡ, ಬಲ ಎಂಬುವು ಕಾರಿನಲ್ಲಿ ಕುಳಿತವರ ಎಡ, ಬಲ’ ಎಂದು ಕೆಳಗೆ ಸಣ್ಣಕ್ಷರದಲ್ಲಿ ಹಾಕಿ.