ಚರ್ಮ ಉರಿಯುವುದು ಥೈರಾಯ್ಡ್‌ನಿಂದ ಇರಬಹುದಾ?

ಬಸವನಗುಡಿಯಿಂದ:
ನನಗೆ 43. ಮೂರು ತಿಂಗಳಿಂದ ರಾತ್ರಿ ಪಾದ, ತೋಳಿನ ಚರ್ಮ ಉರಿಯುತ್ತದೆ. ಹಸಿಮೆಣಸಿನಕಾಯಿ ಹೆಚ್ಚಿದ ಮೇಲೆ ಕೈ ಉರಿಯುತ್ತದಲ್ಲ, ಹಾಗೆ. ಗುಳ್ಳೆ ಇಲ್ಲ, ಕೆಂಪೂ ಇಲ್ಲ. ದನಿ ಒರಟಾಗಿದೆ, ಹುಬ್ಬಿನ ಹೊರತುದಿ ಉದುರಿದೆ. ಏಪ್ರಿಲ್‌ನಲ್ಲೂ ಸ್ವೆಟರ್ ಬೇಕು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದರೆ ಏರುವ ಹಾರ್ಮೋನ್) 18 ಬಂದು, ಥೈರಾಯ್ಡ್ ಮಾತ್ರೆ ಶುರುವಾಗಿ ಹತ್ತು ದಿನ. ಮನೆಯಲ್ಲಿ ‘ಉಷ್ಣ, ಎಳನೀರು ಕುಡಿ’ ಅನ್ನುತ್ತಾರೆ. ಈ ಉರಿಯಲ್ಲಿ ರಾತ್ರಿ ನಿದ್ದೆಯೇ ಇಲ್ಲ.

ರಾಜಾಜಿನಗರದಿಂದ:
ಇರಬಹುದು ಅಕ್ಕ. ಥೈರಾಯ್ಡ್ ಕಡಿಮೆಯಾಗಿ ಬಹಳ ದಿನ ಹಾಗೇ ಬಿಟ್ಟರೆ ನರಗಳಿಗೆ ಪೆಟ್ಟಾಗಿ ಉರಿ, ಜುಮ್ಮು ಬರುತ್ತದೆ. ನನಗೆ ದೋಸೆ ಮಗುಚುವಾಗ ಬೆರಳು ಮರಗಟ್ಟುತ್ತಿತ್ತು. ಮಣಿಕಟ್ಟಿನಲ್ಲಿ ನರ ಒತ್ತಿತ್ತು. ಆದರೆ ವಿಟಮಿನ್ ಬಿ12, ರಕ್ತದ ಸಕ್ಕರೆ ಎರಡನ್ನೂ ನೋಡಿಸಿ. ಅವುಗಳಿಂದಲೂ ಇದೇ ಉರಿ ಬರುತ್ತದೆ. ನನ್ನ ಬಿ12 ಕಡಿಮೆ ಇದ್ದದ್ದು ಗೊತ್ತಾಗದೆ ಆರು ತಿಂಗಳು ಸುಮ್ನೆ ಹೋಯಿತು.

ವಿಜಯನಗರದಿಂದ:
ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ 4 ಗಂಟೆ ಅಂತರ. 6–8 ವಾರಕ್ಕೆ ಮತ್ತೆ ಟೆಸ್ಟ್ ಮಾಡಿಸಿ.

ಬಸವನಗುಡಿಯಿಂದ:
ಅಯ್ಯೋ, ನಾನು ಫಿಲ್ಟರ್ ಕಾಫಿ ಜೊತೆಗೇ ನುಂಗುತ್ತಿದ್ದೆ! ಡಾಕ್ಟರಿಗೆ ಉರಿಯ ವಿಷಯ ಹೇಳಿಯೇ ಇರಲಿಲ್ಲ. ನಾಳೆ ಹೋಗಿ ಹೇಳುತ್ತೇನೆ, ಬಿ12 ಟೆಸ್ಟನ್ನೂ ಕೇಳುತ್ತೇನೆ.