ಮರಳಿಲ್ಲದ ಮರಳುಗಾಡಿಗೆ ಏನೆನ್ನಬೇಕು?

ಪದಪ್ರಿಯರಿಗೆ ನಮಸ್ಕಾರ.

ಮಸ್ಕತ್‌ನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗನಿಗೆ ಒಂದು ಹುಚ್ಚು. ರಜೆ ಬಂತೆಂದರೆ ಒಮಾನಿನ ಹಜರ್ ಪರ್ವತಗಳಲ್ಲಿ ಹಾವು, ಹಲ್ಲಿ, ಓತಿಗಳನ್ನು ಹುಡುಕುತ್ತಾ ಅಲೆಯುತ್ತಾನೆ. ಹಿಡಿಯುವುದಿಲ್ಲ, ನೋಡಿ, ಫೋಟೊ ತೆಗೆದು, ಎತ್ತಿದ ಕಲ್ಲನ್ನು ಇದ್ದ ಹಾಗೆಯೇ ಇಟ್ಟು ಬರುತ್ತಾನೆ. ಅವನು ಕಳುಹಿಸಿದ ವಿವರಗಳನ್ನು ಅರಸೀಕೆರೆಯ ನಮ್ಮ ಶಾಲೆಯ ಗೋಡೆಪತ್ರಿಕೆಗೆ ಬರೆಯಲು ಕೂತವನು ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಮರಳುಗಾಡಿನ ಬೆಟ್ಟಗಳಲ್ಲಿ’ ಎಂದು ಬರೆದಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಫೋಟೊ ನೋಡಿ, “ಮರಳು ಎಲ್ಲಿದೆ ಸಾರ್?” ಎಂದಳು.

ನಿಜ, ಹಿಡಿ ಮರಳೂ ಇಲ್ಲ. ಬರೀ ಬಂಡೆ, ಕಡಿದಾದ ಕಮರಿ. ಅಲ್ಲಿನ ಜೆಬೆಲ್ ಶಮ್ಸ್ ಶಿಖರ ಸುಮಾರು 3,000 ಮೀಟರ್ ಎತ್ತರವಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರ ಮೀಟರ್ ಹೆಚ್ಚು. ‘ಮರುಭೂಮಿ’ ಎಂದರೆ ಮರಳಿನ ಗೊಡವೆ ತಪ್ಪುತ್ತದೆ, ಆದರೆ ಮಕ್ಕಳ ಕಿವಿಗೆ ಅದು ಮರುದಿನ, ಮರುಮದುವೆಗಳ ಸಾಲಿಗೆ ಸೇರಿಬಿಡುತ್ತದೆ.

ನನಗೆ ಹೊಳೆದದ್ದು ‘ಬೆಂಗಾಡು’. ಹಳಗನ್ನಡದಲ್ಲಿ ಸೂರ್ಯನಿಗೆ ಬೆಂಗದಿರ, ಚಂದ್ರನಿಗೆ ತಂಗದಿರ ಎನ್ನುವಲ್ಲಿರುವ ‘ಬೆಂ’ ಇದೇ, ಬಿಸಿ ಎಂಬ ಅರ್ಥದ್ದು. ಮರಳಿರಲಿ, ಕಲ್ಲಿರಲಿ, ಸುಡುವ ನೆಲವೆಲ್ಲ ಬೆಂಗಾಡೇ. ಒಂದೇ ಅಳುಕು. ಬರ ಬಂದಾಗ ಪತ್ರಿಕೆಗಳು ನಮ್ಮ ತಾಲ್ಲೂಕನ್ನೂ ಬೆಂಗಾಡು ಎನ್ನುತ್ತವೆ. ಆಗ ಆ ಮಾತಿನಲ್ಲಿ ಏನೂ ಬೆಳೆಯದು, ಏನೂ ಬದುಕದು ಎಂಬ ಶಾಪವೇ ಕೇಳಿಸುತ್ತದೆ. ಅಕ್ಕನ ಮಗನ ಬೆಂಗಾಡಿನಲ್ಲಾದರೋ ಒಂದೊಂದು ಬಂಡೆಸಂದಿಗೂ ಒಬ್ಬೊಬ್ಬ ಒಡೆಯನಿದ್ದಾನೆ. ಶಾಪವಿಲ್ಲದ ಬೆಂಗಾಡು ಯಾರ ಊರಿನಲ್ಲಾದರೂ ಬಳಕೆಯಲ್ಲಿದೆಯೇ?

ಮರಳಿನ ವಿಷಯದಲ್ಲಿ ಎಡವಿದವನು ನಾನೊಬ್ಬನೇ ಅಲ್ಲ. ನಮ್ಮ ಕಡೆಯ ಬಂಡೆಗಳ ಮೇಲೆ ಬಿಸಿಲು ಕಾಯಿಸುವ, ಬೆದೆಗಾಲದಲ್ಲಿ ಗಂಡಿನ ಬೆನ್ನು ಕೆಂಪೇರುವ ಓತಿಯ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಸಾಮೋಫಿಲಸ್. ಗ್ರೀಕ್ ಮೂಲದ ಆ ಹೆಸರಿಗೆ ‘ಮರಳುಪ್ರಿಯ’ ಎಂದರ್ಥ! ಅದು ಬಂಡೆ ಬಿಟ್ಟು ಇಳಿಯುವುದೇ ಅಪರೂಪ.

ಅರಬ್ಬಿಯ ‘ವಾದಿ’ಗೆ ಪದ ಹುಡುಕುವ ಕಷ್ಟವಾಗಲಿಲ್ಲ. ಬಹುಪಾಲು ಒಣಗಿದ್ದು, ಬೆಟ್ಟದ ಮೇಲೆ ಮಳೆಯಾದರೆ ಒಮ್ಮೆಲೇ ನುಗ್ಗಿ ಬರುವ ನೀರಿನ ಹಾದಿ ಅದು. ಸಕಲೇಶಪುರದವರಿಗೆ ಹಳ್ಳವೆಂದರೆ ಹರಿಯುವ ನೀರು. ಅರಸೀಕೆರೆಯ ನಮಗೆ ಹಳ್ಳ ‘ಬರುತ್ತದೆ’, ಹೋಗುತ್ತದೆ. ಒಂದೇ ಜಿಲ್ಲೆಯ ಎರಡು ಹಳ್ಳಗಳಲ್ಲಿ ನಮ್ಮದೇ ಒಮಾನಿಗೆ ಸರಿಹೊಂದಿತು.

ಇನ್ನು ಹುಡುಕುವ ಕೆಲಸದ ಹೆಸರು. ಪಕ್ಷಿವೀಕ್ಷಣೆಯ ಜಾಡಿನಲ್ಲಿ ‘ಉರಗವೀಕ್ಷಣೆ’ ಎನ್ನಬಹುದು, ಆದರೆ ಉರಗ ಎಂದರೆ ಎದೆಯ ಮೇಲೆ ಹರಿಯುವುದು; ನಾಲ್ಕು ಕಾಲಿನ ಓತಿ ಅದರೊಳಗೆ ಹಿಡಿಸುವುದಿಲ್ಲ. ‘ಸರೀಸೃಪ ಶೋಧ’ ಎಂದರೆ ಪೊಲೀಸರು ಬಂದ ಹಾಗಾಗುತ್ತದೆ. ಅಮ್ಮನಂತೂ ಹಾವಿನ ಹೆಸರನ್ನೇ ಎತ್ತುವವಳಲ್ಲ. ಹಾವು ಕಚ್ಚಿದರೆ ‘ಹುಳ ಮುಟ್ಟಿದೆ’ ಎನ್ನುವ ಕಾಲದವಳು. ಮೊಮ್ಮಗ ರಾತ್ರಿ ಟಾರ್ಚ್ ಹಿಡಿದು ಹಳ್ಳದ ಗುಂಡಿಗಳ ಬಳಿ ಗರಗಸ ಮಂಡಲ ಹುಡುಕುತ್ತಾನೆ ಎಂದಾಗ, “ಹುಳ ನೋಡುವುದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇ? ನಮ್ಮ ಹಿತ್ತಲು ಸಾಲದಾಗಿತ್ತೇ?” ಎಂದಳು. ‘ಹುಳ ನೋಡುವುದು’ ನನಗೆ ಬಹಳ ಹಿಡಿಸಿತು. ಆದರೆ ಪಟ್ಟಣದ ಮಕ್ಕಳು ಜಿರಲೆ ಎಂದುಕೊಂಡರೆ?

ಕೊನೆಯದು ಒಂದು ಪ್ರಾಣಿಯ ಹೆಸರು. ಹಜರ್ ಬೆಟ್ಟಗಳಲ್ಲಿ ಮಾತ್ರ ಇರುವ ದೊಡ್ಡ ಜೀವಿಯೊಂದಕ್ಕೆ 1887ರಲ್ಲಿ ಜಯಕರ್ ಎಂಬ ಭಾರತೀಯ ವೈದ್ಯರ ಹೆಸರಿಟ್ಟರು. ಮಸ್ಕತ್‌ನಲ್ಲಿದ್ದ ಅವರು ಪ್ರಾಣಿಗಳನ್ನಷ್ಟೇ ಸಂಗ್ರಹಿಸಲಿಲ್ಲ, ಒಮಾನಿನ ಅರಬ್ಬಿ ಆಡುನುಡಿಯ ಬಗೆಗೂ 1889ರಲ್ಲಿ ಲೇಖನ ಬರೆದರು. ನಮ್ಮ ಗುಂಪಿನವರೇ ಎನ್ನಿ. ಅವರ ಹೆಸರಿನ ಜೀವಿಯನ್ನು ಕನ್ನಡದಲ್ಲಿ ಏನೆನ್ನಲಿ? ಗೋಡೆ ಹತ್ತುವ ಹಲ್ಲಿಯಲ್ಲ, ಓತಿಯ ವಂಶವಲ್ಲ, ಹಾವುರಾಣಿಯಲ್ಲ, ಉಡವೂ ಅಲ್ಲ. ಇವೆಲ್ಲಕ್ಕೂ ಬೇರೆ ಬೇರೆ ಹೆಸರಿಟ್ಟ ಕನ್ನಡದಲ್ಲಿ ಇಂಗ್ಲಿಷಿನ ‘ಲಿಜರ್ಡ್’ನಂತೆ ಎಲ್ಲವನ್ನೂ ಒಟ್ಟಿಗೆ ಕರೆಯುವ ಪದ ನನಗೆ ಸಿಗುತ್ತಿಲ್ಲ. ಸದ್ಯಕ್ಕೆ ‘ಜಯಕರ್ ಹಲ್ಲಿ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಗೋಡೆಪತ್ರಿಕೆ ಅಂಟಿಸುವುದು ಸೋಮವಾರ.