ಅಪ್‌ಡೇಟ್: ಕೇರಳದಲ್ಲಿ ಬಿದ್ದ ಓವರ್‌ಸ್ಪೀಡ್ ಚಲನ್ ಏನಾಯ್ತು

ಬೆಂಗಳೂರಿಂದ ಕೊಚ್ಚಿಗೆ ಹೋಗ್ಬೇಕಾದ್ರೆ ಪಾಲಕ್ಕಾಡ್ ದಾಟಿದ್ಮೇಲೆ ನಮ್ಮ ಕೆಎ ಗಾಡಿ ಕ್ಯಾಮೆರಾಗೆ ಸಿಕ್ಕಿ 1500 ರೂಪಾಯಿ ಚಲನ್ ಬಂದಿದೆ, ಕಟ್ಟೋಕೆ ಅಲ್ಲಿಗೇ ಹೋಗ್ಬೇಕಾ ಅಂತ ಕೇಳಿದ್ನಲ್ಲ, ಅದು ಮುಗೀತು. ಎಲ್ಲೂ ಹೋಗ್ಬೇಕಾಗ್ಲಿಲ್ಲ.

ಕೇಂದ್ರ ಸರ್ಕಾರದ ಪರಿವಾಹನ್ ಇ-ಚಲನ್ ಸೈಟಲ್ಲಿ ಗಾಡಿ ನಂಬರು, ಚಾಸಿ ನಂಬರಿನ ಕೊನೆ 5 ಅಂಕಿ ಹಾಕಿದ್ರೆ ಬೇರೆ ರಾಜ್ಯದ್ದೂ ಬರುತ್ತೆ, ಫೋಟೋ ನೋಡ್ದೆ, ನಮ್ದೇ ಗಾಡಿ, ಓಡಿಸ್ತಿದ್ದೋನು ನಾನೇ, ಹಿಂದೆ ಅಮ್ಮ ಮಲಗಿದ್ರು, ನಿಜ ಹೇಳ್ಬೇಕು ಅಂದ್ರೆ ಅದನ್ನ ನೋಡಿ ದುಡ್ಡಿಗಿಂತ ಜಾಸ್ತಿ ಬೇಜಾರಾಯ್ತು. ಯುಪಿಐಲಿ ಕಟ್ಟಿ ರಸೀದಿ ಇಳಿಸ್ಕೊಂಡೆ.

ತಪ್ಪು ನಿಮ್ದಲ್ಲ ಅನ್ಸಿದ್ರೆ ಕಟ್ಟೋಕೆ ಮುಂಚೆನೇ ತಕರಾರು ಹಾಕಿ. ಕಟ್ಟದೆ ಬಿಟ್ರೆ ವರ್ಚುವಲ್ ಕೋರ್ಟಿಗೆ (ಚಲನ್ ಕೇಸ್ ನೋಡೋ ಆನ್‌ಲೈನ್ ಕೋರ್ಟು) ಹೋಗುತ್ತೆ, ಅಲ್ಲೂ ಆನ್‌ಲೈನಲ್ಲೇ ಕಟ್ಬೋದು, ಆದ್ರೆ ಕೇಸ್ ನಡೆಸ್ತೀನಿ ಅಂದ್ರೆ ಮಾಮೂಲಿ ಕೋರ್ಟಿಗೆ ಹೋಗುತ್ತೆ, ಆಗ ಓಡಾಟ ತಪ್ಪಲ್ಲ.

ಇನ್ನೊಂದು, ಇದೇ ಟೈಮಲ್ಲಿ ವಾಟ್ಸಾಪಲ್ಲಿ ಇನ್ನೊಂದು 'ಚಲನ್' ಬಂತು, ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕೋ ಫೈಲು) ಇನ್‌ಸ್ಟಾಲ್ ಮಾಡಿ ಅಂತ. ಅದು ಮೋಸ, ದಯವಿಟ್ಟು ಯಾರೂ ಮುಟ್ಬೇಡಿ, ಮನೇಲಿ ಅಪ್ಪ ಅಮ್ಮಂಗೂ ಹೇಳಿಡಿ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.